ಬಸುರಿಯ ಕಿವಿಗೊಂದು ದನಿ

ಬಸುರು ಬಾಣಂತನಗಳಿಗೆ ಸಂಬಂಧಿಸಿದ ತಿಳಿವಳಿಕೆ ನಮ್ಮ ನಾಡಿನಲ್ಲಿ ಬಹುಕಾಲದವರೆಗೆ ದನಿಯ ರೂಪದಲ್ಲಿಯೆ ಬದುಕಿತ್ತು. ತಾಯಿ ಮಗಳಿಗೆ ಹೇಳಿದಳು, ಅತ್ತೆ ಸೊಸೆಗೆ ಹೇಳಿದಳು, ಸೂಲಗಿತ್ತಿ ಕೇರಿಯ ಹೆಂಗಸರಿಗೆಲ್ಲ ಹೇಳಿದಳು. ಆ ವಿದ್ಯೆಗೆ ಪುಸ್ತಕವಿರಲಿಲ್ಲ, ಪರೀಕ್ಷೆ ಇರಲಿಲ್ಲ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆತದ್ದು ನಿಮಗೆ ನೆನಪಿರಬಹುದು. ಅಕ್ಷರ ಕಲಿಯದೆ, ಅಜ್ಜಿಯಿಂದ ಕಲಿತ ವಿದ್ಯೆಯ ಬಲದಿಂದ ಆ ತಾಯಿ ಹದಿನೈದು ಸಾವಿರಕ್ಕೂ ಮಿಕ್ಕ ಹೆರಿಗೆಗಳನ್ನು ಮಾಡಿಸಿದ್ದರೆಂದು ಪತ್ರಿಕೆಗಳು ಆಗ ಬರೆದವು. ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ಅಂಥವರೊಡನೆ ಒಂದು ದನಿಯೂ ನಮ್ಮ ಹಳ್ಳಿಗಳಿಂದ ಮರೆಯಾಗುತ್ತ ಬಂದಿದೆ.

ಆ ದನಿಯ ಜಾಗದಲ್ಲಿ ಈಗ ಇನ್ನೊಂದು ದನಿ ಕೇಳಿಬರುತ್ತಿದೆ. ಅದು ಮೊಬೈಲ್ ಫೋನಿನ ಮೂಲಕ ಬರುವ ದನಿ. ಬಸುರಿಯಾದ ಹೆಣ್ಣುಮಗಳಿಗೆ ವಾರಕ್ಕೊಮ್ಮೆ ಕರೆ ಮಾಡಿ, ಆ ವಾರ ಅವಳು ತಿಳಿದಿರಬೇಕಾದ ನಾಲ್ಕು ಮಾತುಗಳನ್ನು ಹೇಳಿ ಮುಗಿಸುವ ದನಿ. ಇದು ಎಷ್ಟರಮಟ್ಟಿಗೆ ಅವಳನ್ನು ಕಾಯಬಲ್ಲದು, ಎಲ್ಲಿಗೆ ಬಂದು ಸೋಲುತ್ತದೆ, ಸೋಲದಂತೆ ಮಾಡುವುದು ಹೇಗೆ ಎಂಬ ಮೂರು ಪ್ರಶ್ನೆಗಳನ್ನು ಈ ಹದಿನೈದು ನಿಮಿಷಗಳಲ್ಲಿ ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ಸಾಹಿತ್ಯವನ್ನು ಪಾಠ ಹೇಳಿ ನಿವೃತ್ತನಾದವನು. ಆದರೆ ಒಂದು ಮಾತು ಒಬ್ಬರ ಬಾಯಿಂದ ಹೊರಟು ಇನ್ನೊಬ್ಬರ ಬದುಕಿನಲ್ಲಿ ಹೇಗೆ ಫಲಿಸುತ್ತದೆ ಎಂಬುದು ಸಾಹಿತ್ಯದ ವಿದ್ಯಾರ್ಥಿಯ ಪ್ರಶ್ನೆಯೂ ಹೌದಷ್ಟೆ.

ಮೊದಲಿಗೆ ಈ ದನಿಯ ಅಗತ್ಯವಾದರೂ ಏನು ಎಂದು ಕೇಳಿಕೊಳ್ಳೋಣ. ಹೆರಿಗೆ ಈಗ ಮನೆಯಿಂದ ಆಸ್ಪತ್ರೆಗೆ ಹೋಗಿದೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ನೂರು ಹೆರಿಗೆಗಳಲ್ಲಿ ಸುಮಾರು 89 ಆಸ್ಪತ್ರೆಗಳಲ್ಲಿ ಆಗಿವೆ, ಕರ್ನಾಟಕದಲ್ಲಿ 97. ಇದು ಸಣ್ಣ ಸಾಧನೆಯಲ್ಲ. ಆದರೆ ಹೆರಿಗೆ ಒಂದು ದಿನದ ಮಾತು. ಬಸುರು ಇನ್ನೂರ ಎಂಬತ್ತು ದಿನಗಳ ಮಾತು. ಆ ದಿನಗಳಲ್ಲಿ ನಾಲ್ಕು ಸಲವೋ ಎಂಟು ಸಲವೋ ಅವಳು ವೈದ್ಯರ ಮುಂದೆ ಕೂರುತ್ತಾಳೆ. ಹೊರಗೆ ಸಾಲು ಬೆಳೆದಿರುತ್ತದೆ. ತೂಕ ನೋಡಿ, ರಕ್ತದ ಒತ್ತಡ ನೋಡಿ, ತಾಯಿ ಕಾರ್ಡಿನಲ್ಲಿ ಬರೆದು, ಮಾತ್ರೆಯ ಪೊಟ್ಟಣ ಕೈಗಿಟ್ಟು ಕಳಿಸುವಷ್ಟರಲ್ಲಿ ಅವಳ ಪಾಲಿನ ಹೊತ್ತು ಮುಗಿದಿರುತ್ತದೆ. ಕೇಳಬೇಕೆಂದುಕೊಂಡದ್ದು ಗಂಟಲಲ್ಲೇ ಉಳಿಯುತ್ತದೆ. ಮಿಕ್ಕ ದಿನಗಳೆಲ್ಲ ಅವಳು ಮನೆಯಲ್ಲಿರುತ್ತಾಳೆ. ಅನ್ನ ಮಾಡುತ್ತ, ನೀರು ಹೊರುತ್ತ, ಹೊಲಕ್ಕೋ ಕಾರ್ಖಾನೆಗೋ ಹೋಗುತ್ತ. ಆಸ್ಪತ್ರೆಯ ಮಾತು ಮತ್ತು ಮನೆಯ ದಿನಚರಿ, ಇವೆರಡರ ನಡುವೆ ಒಂದು ಕಂದಕವಿದೆ. ಫೋನಿನ ದನಿ ಆ ಕಂದಕಕ್ಕೆ ಹಾಸಿದ ಹಲಗೆ.

ನಮ್ಮ ದೇಶದಲ್ಲಿ ಈ ಬಗೆಯ ಕೆಲಸಗಳಲ್ಲಿ ದೊಡ್ಡದು 'ಕಿಲ್ಕಾರಿ'. ಹಿಂದಿಯಲ್ಲಿ ಆ ಮಾತಿಗೆ ಹಸುಗೂಸಿನ ನಲಿವಿನ ಕೇಕೆ ಎಂದು ಅರ್ಥ. ಬಿಬಿಸಿ ಮೀಡಿಯಾ ಆಕ್ಷನ್ ಸಂಸ್ಥೆಯವರು ಇದನ್ನು ಬಿಹಾರದಲ್ಲಿ ಆರಂಭಿಸಿದರು; 2016ರ ಜನವರಿಯಲ್ಲಿ ಕೇಂದ್ರ ಸರಕಾರದ ಆರೋಗ್ಯ ಮಂತ್ರಾಲಯ ಅದನ್ನು ದೇಶದ ಯೋಜನೆಯಾಗಿ ಕೈಗೆತ್ತಿಕೊಂಡಿತು. 2019ರ ಹೊತ್ತಿಗೆ ಅದು 13 ರಾಜ್ಯಗಳನ್ನು ಮುಟ್ಟಿತ್ತು. ಅದರ ವ್ಯವಸ್ಥೆ ಸರಳ. ಬಸುರಿಯ ಹೆಸರು ಸರಕಾರಿ ದಾಖಲೆಗೆ ಬಂದಾಗ ಅವಳು ಕೊಟ್ಟ ಫೋನ್ ಸಂಖ್ಯೆಯೂ ಬರುತ್ತದೆ. ನಾಲ್ಕನೆಯ ತಿಂಗಳಿನಿಂದ ಹಿಡಿದು ಮಗುವಿಗೆ ಒಂದು ವರ್ಷ ತುಂಬುವವರೆಗೆ ವಾರಕ್ಕೊಂದರಂತೆ 72 ಕರೆಗಳು. ಪ್ರತಿಯೊಂದು ಒಂದೆರಡು ನಿಮಿಷದ್ದು. ಕೇಳುವವಳಿಗೆ ಖರ್ಚಿಲ್ಲ. ಮಾತಾಡುವವಳು ಡಾಕ್ಟರ್ ಅನಿತಾ ಎಂಬ ಒಬ್ಬ ಕಲ್ಪಿತ ವೈದ್ಯೆ. ಓದು ಬಾರದವಳಿಗೂ ಮುಟ್ಟಲೆಂದೇ ಬರವಣಿಗೆಯ ಸಂದೇಶವನ್ನು ಬಿಟ್ಟು ದನಿಯನ್ನು ಆರಿಸಿಕೊಂಡರು. ಮುಂಬಯಿಯ ಕೊಳಚೆ ಪ್ರದೇಶಗಳಲ್ಲಿ 2014ರಿಂದ ನಡೆದುಬಂದ 'ಎಂ-ಮಿತ್ರ'ವೂ ಇದೇ ಜಾತಿಯದು. ಅದನ್ನು ನಡೆಸಿದ 'ಅರ್ಮಾನ್' ಎಂಬ ಸಂಸ್ಥೆ 2019ರ ಬಳಿಕ ಕಿಲ್ಕಾರಿಯ ಹೊಣೆಯಲ್ಲಿಯೂ ಸರಕಾರದ ಜೊತೆಗೂಡಿತು. ಆಫ್ರಿಕಾದ ಘಾನಾ ದೇಶದ ಉತ್ತರದ ಹಳ್ಳಿಗಳಲ್ಲಿ 2010ರಲ್ಲಿ ಇಂಥದೇ ಒಂದು ಸೇವೆ ತೊಡಗಿದಾಗ ಅದಕ್ಕೆ ಅವರು ಇಟ್ಟ ಹೆಸರು 'ಮೊಬೈಲ್ ಮಿಡ್‌ವೈಫ್'. ನಮ್ಮ ಮಾತಿನಲ್ಲಿ ಹೇಳುವುದಾದರೆ ಫೋನಿನೊಳಗಿನ ಸೂಲಗಿತ್ತಿ. ಸಮುದ್ರದಾಚೆಯ ಆ ಜನಕ್ಕೂ ಮೊದಲು ನೆನಪಾದದ್ದು ಅವಳೇ ಎಂಬುದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ.

ಈ ಕರೆಗಳ ಜೀವಾಳವಿರುವುದು ಹೊತ್ತಿಗೆ ಸರಿಯಾಗಿ ಬರುವುದರಲ್ಲಿ. ಎಂಟನೆಯ ತಿಂಗಳ ಮಾತನ್ನು ಮೂರನೆಯ ತಿಂಗಳಲ್ಲಿ ಹೇಳಿದರೆ ಅದು ಕಿವಿಯಲ್ಲಿ ನಿಲ್ಲುವುದಿಲ್ಲ. ವಾಕರಿಕೆಯ ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣುವ ಮಾತು ಬೇಕು. ನಾಲ್ಕನೆಯ ತಿಂಗಳಿನಿಂದ ಕಬ್ಬಿಣಾಂಶದ ಮಾತ್ರೆಯ ಮಾತು ಬೇಕು. ಕೂಸು ಒದೆಯತೊಡಗಿದ ಮೇಲೆ ಆ ಒದೆತವನ್ನು ಗಮನಿಸುವ ಮಾತು ಬೇಕು. ದಿನ ತುಂಬುತ್ತ ಬಂದಂತೆ, ಯಾವ ಆಸ್ಪತ್ರೆ, ಯಾವ ವಾಹನ, ಜೊತೆಗೆ ಯಾರು, ರಕ್ತ ಬೇಕಾದರೆ ಕೊಡುವವರು ಯಾರು ಎಂಬುದನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳುವ ಮಾತು ಬೇಕು. ಕೂಸು ಹುಟ್ಟಿದೊಡನೆ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು, ಅದನ್ನೇ ಕುಡಿಸಬೇಕು ಎಂಬ ಮಾತು ಹುಟ್ಟುವ ಮುಂಚೆಯೇ ತಿಳಿದಿರಬೇಕು.

ಕಬ್ಬಿಣಾಂಶದ ಮಾತ್ರೆಯ ಉದಾಹರಣೆಯೊಂದನ್ನೆ ತೆಗೆದುಕೊಳ್ಳಿ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ, ಕರ್ನಾಟಕದಲ್ಲಿ ಸುಮಾರು 46 ಮಂದಿಗೆ ರಕ್ತಹೀನತೆ ಕಂಡುಬಂದಿತು. ರಕ್ತ ಕಡಿಮೆ ಇದ್ದವಳಿಗೆ ಹೆರಿಗೆಯಲ್ಲಿ ಆಗುವ ಸಾಧಾರಣ ರಕ್ತಸ್ರಾವವೂ ಪ್ರಾಣಕ್ಕೆ ಬರಬಹುದು. ಮದ್ದು ದುಬಾರಿಯದಲ್ಲ, ದಿನಕ್ಕೊಂದರಂತೆ 180 ದಿನ ನುಂಗಬೇಕಾದ ಮಾತ್ರೆ, ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ಕೊಡುತ್ತಾರೆ. ಆದರೂ ಎಷ್ಟೋ ಮನೆಗಳಲ್ಲಿ ಅದು ಗೂಡಿನಲ್ಲಿ ಉಳಿಯುತ್ತದೆ. ಮೊದಲ ವಾರ ನುಂಗಿದವಳಿಗೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ. ಇದು ಮಾತ್ರೆಯ ಸಹಜ ಗುಣ, ಹೆದರಬೇಕಾದ್ದಿಲ್ಲ ಎಂದು ಯಾರೂ ಹೇಳಿರುವುದಿಲ್ಲ. ಅವಳು ಹೆದರಿ ಬಿಡುತ್ತಾಳೆ. ಸರಿಯಾಗಿ ಆ ವಾರವೇ ಒಂದು ದನಿ ಬಂದು, 'ಹೀಗಾಗುವುದು ಉಂಟು ತಾಯಿ, ಊಟವಾದ ಮೇಲೆ ನುಂಗು, ಚಹದ ಜೊತೆಗೆ ಬೇಡ, ನಿಂಬೆಹಣ್ಣಿನ ಪಾನಕ ಕುಡಿದರೆ ಮೈಗೆ ಹತ್ತುತ್ತದೆ' ಎಂದು ಹೇಳಿದರೆ? ಅವಳು ಮರುದಿನ ಮತ್ತೆ ಮಾತ್ರೆಗೆ ಕೈಹಾಕಬಹುದು.

ಇನ್ನು ಪ್ರಾಣದ ಮಾತಿಗೆ ಬರೋಣ. ಬಸುರು ಹೆರಿಗೆಗಳಲ್ಲಿ ತಾಯಂದಿರು ಸಾಯುವುದಕ್ಕೆ ಮೂರು ವಿಳಂಬಗಳು ಕಾರಣವೆಂದು ಸೆರೀನ್ ಥಾಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಇಬ್ಬರು ವಿದುಷಿಯರು 1994ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ವಿವರಿಸಿದರು. ಆಸ್ಪತ್ರೆಗೆ ಹೋಗಬೇಕೆಂದು ತೀರ್ಮಾನಿಸುವುದರಲ್ಲಿ ಆಗುವ ತಡ ಮೊದಲನೆಯದು. ಹೊರಟ ಮೇಲೆ ಅಲ್ಲಿಗೆ ಮುಟ್ಟುವುದರಲ್ಲಿ ಆಗುವ ತಡ ಎರಡನೆಯದು. ಮುಟ್ಟಿದ ಮೇಲೆ ತಕ್ಕ ಚಿಕಿತ್ಸೆ ಸಿಗುವುದರಲ್ಲಿ ಆಗುವ ತಡ ಮೂರನೆಯದು. ಎರಡನೆಯದಕ್ಕೆ ರಸ್ತೆ ಬೇಕು, 108ರ ಆಂಬುಲೆನ್ಸ್ ಬೇಕು. ಮೂರನೆಯದಕ್ಕೆ ವೈದ್ಯರು ಬೇಕು, ರಕ್ತ ಬೇಕು, ಮದ್ದು ಬೇಕು. ಮೊದಲನೆಯದು ಮಾತ್ರ ಮನೆಯ ಒಳಗಡೆ, ನಾಲ್ಕು ಗೋಡೆಗಳ ನಡುವೆ ಆಗುವಂಥದು. ತಿಳಿವಳಿಕೆಯ ದನಿಗೆ ಹೆಚ್ಚಿನ ಕೆಲಸವಿರುವುದು ಅಲ್ಲಿ.

ನನ್ನ ತಂದೆಯ ತಂಗಿಯೊಬ್ಬರು ಚೊಚ್ಚಲ ಬಸುರಿನ ಒಂಬತ್ತನೆಯ ತಿಂಗಳಲ್ಲಿ ತೀರಿಕೊಂಡರು. ನಾನು ಹುಟ್ಟುವ ಮುಂಚಿನ ಸಂಗತಿ ಇದು. ಹೇಳಿದವರು ನನ್ನ ಅಜ್ಜಿ. ಅತ್ತೆಗೆ ಕಾಲು ಬಾತಿತ್ತು, ಆಮೇಲೆ ಮುಖವೂ ಬಾತಿತು. ತಲೆ ಸಿಡಿಯುತ್ತದೆ ಎಂದರಂತೆ. 'ಬಸುರಿಗೆ ಇದೆಲ್ಲ ಇದ್ದದ್ದೆ' ಎಂದು ಹಿರಿಯರು ಹಣೆಗೆ ಶುಂಠಿಯ ಪಟ್ಟು ಹಾಕಿದರು. ಕಣ್ಣು ಮಂಜಾಗಿದೆ, ದೀಪ ಎರಡೆರಡಾಗಿ ಕಾಣುತ್ತದೆ ಎಂದಾಗ ದೃಷ್ಟಿ ತೆಗೆದರು. ಇರುಳು ಮೈಯೆಲ್ಲ ಸೆಳೆತ ಬಂದಿತು. ಬೆಳಗಿಗೆ ತಾಯಿಯೂ ಇಲ್ಲ, ಮಗುವೂ ಇಲ್ಲ. ನನ್ನ ಅಜ್ಜಿ ಇದನ್ನು ಹೇಳುವಾಗ ಯಾರನ್ನೂ ದೂರುತ್ತಿರಲಿಲ್ಲ. ಆ ಮನೆಯಲ್ಲಿ ಅವಳನ್ನು ಪ್ರೀತಿಸದವರು ಇರಲಿಲ್ಲ ಎನ್ನುತ್ತಿದ್ದರು. ಮುಖ ಕೈಗಳ ಬಾವು, ಬಿಡದ ತಲೆನೋವು, ಮಂಜಾದ ಕಣ್ಣು, ಇವು ಗರ್ಭಕಾಲದಲ್ಲಿ ರಕ್ತದ ಒತ್ತಡ ಏರಿದ್ದರ ಗುರುತು. ಆ ಗಳಿಗೆಯಲ್ಲಿಯೆ ಆಸ್ಪತ್ರೆಗೆ ಹೊರಡಬೇಕು. ಈ ಒಂದು ವಾಕ್ಯ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಂದು ಇಂಥ ಸೇವೆಗಳ ಕರೆಗಳಲ್ಲಿ ಅಪಾಯದ ಗುರುತುಗಳನ್ನು ಮತ್ತೆ ಮತ್ತೆ ಹೇಳುತ್ತಾರೆ: ರಕ್ತ ಹೋಗುವುದು, ನೀರು ಒಡೆಯುವುದು, ಜ್ವರ, ಸೆಳೆತ, ಕೂಸಿನ ಚಲನೆ ಕಡಿಮೆಯಾಗುವುದು. ಕೇಳುವಾಗ ನನಗೆ ನನ್ನ ಕಾಣದ ಅತ್ತೆಯ ನೆನಪಾಗುತ್ತದೆ. 2018ರಿಂದ 2020ರ ಲೆಕ್ಕದಂತೆ ದೇಶದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 97 ತಾಯಂದಿರು ಸತ್ತಿದ್ದರು; ಕರ್ನಾಟಕದಲ್ಲಿ 69. ಹಿಂದಿನದಕ್ಕೆ ಹೋಲಿಸಿದರೆ ಬಹಳ ಇಳಿದಿದೆ ನಿಜ. ಆದರೆ ಆ 69ರಲ್ಲಿ ಒಬ್ಬೊಬ್ಬಳೂ ಯಾರದೋ ಮನೆಯ ಮಗಳು.

ಹಾಗಾದರೆ ತಿಳಿಸಿಬಿಟ್ಟರೆ ಸಾಕೆ? ಇಲ್ಲಿಂದ ಕಷ್ಟದ ಭಾಗ ತೊಡಗುತ್ತದೆ. ಕೇಳುವವಳ ತಲೆ ಬರಿದಾದ ಸ್ಲೇಟು ಎಂದು ಬಗೆದು ಅಲ್ಲಿ ನಮ್ಮ ಪಾಠವನ್ನು ಬರೆಯಹೊರಟವರು ಸೋತಿದ್ದಾರೆ. 1970ರ ದಶಕದಲ್ಲಿ ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ದಂಪತಿಗಳು ನಮ್ಮ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಇದ್ದು, ಬಸುರಿಯರ ಊಟದ ಬಗ್ಗೆ ಜನ ಏನೆಂದು ತಿಳಿದಿದ್ದಾರೆಂಬುದನ್ನು ಅಭ್ಯಾಸ ಮಾಡಿದರು. ಅವರ ಪ್ರಬಂಧ 1983ರಲ್ಲಿ ಅಚ್ಚಾಯಿತು. ಆಸ್ಪತ್ರೆಯವರು 'ಹೆಚ್ಚು ಉಣ್ಣು' ಎನ್ನುತ್ತಿದ್ದರು. ಹೆಂಗಸರು ಕಡಿಮೆ ಉಣ್ಣುತ್ತಿದ್ದರು. ಇದಕ್ಕೆ ಬಡತನವೊಂದೇ ಕಾರಣವಾಗಿರಲಿಲ್ಲ. ಹೊಟ್ಟೆಯಲ್ಲಿ ಅನ್ನಕ್ಕೂ ಕೂಸಿಗೂ ಇರುವ ಜಾಗ ಒಂದೆ, ಅನ್ನ ಹೆಚ್ಚಾದರೆ ಕೂಸಿಗೆ ಎಡೆ ಸಾಲದು ಎಂಬ ತಿಳಿವಳಿಕೆ ಕೆಲವರದು. ಕೂಸು ದಪ್ಪವಾದರೆ ಹೆರಿಗೆ ಕಠಿಣವಾಗುತ್ತದೆ ಎಂಬ ಭಯ ಹಲವರದು. ಆಸ್ಪತ್ರೆ ದೂರವಿದ್ದ, ಶಸ್ತ್ರಚಿಕಿತ್ಸೆ ಕೈಗೆಟುಕದಿದ್ದ ಕಾಲದಲ್ಲಿ ಈ ಭಯವನ್ನು ಅವಿವೇಕವೆಂದು ತಳ್ಳಿಹಾಕುವಂತಿರಲಿಲ್ಲ. ಈ ಹೆಂಗಸರಿಗೆ 'ಕೂಸು ದಪ್ಪಗೆ ಬೆಳೆಯಲಿ, ಹೆಚ್ಚು ಉಣ್ಣಿ' ಎಂದು ಹೇಳಿದರೆ ಏನಾದೀತು? ಅವರು ಹೆದರುತ್ತಿದ್ದುದು ಯಾವುದಕ್ಕೋ ಅದನ್ನೇ ಆಸೆಯಾಗಿ ತೋರಿಸಿದಂತಾಯಿತು. 'ತಾಯಿಗೆ ರಕ್ತ ಹೆಚ್ಚಲಿ, ನೋವು ತಿನ್ನಲು ತ್ರಾಣ ಬರಲಿ' ಎಂದರೆ ಅದೇ ಮಾತು ಒಳಕ್ಕೆ ಇಳಿಯುತ್ತದೆ. ಆದ್ದರಿಂದ ಹೇಳುವವನು ಮೊದಲು ಕೇಳಿಸಿಕೊಂಡಿರಬೇಕು.

ಕೇಳಿಸಿಕೊಂಡವನಿಗೆ ಭಾಷೆಯೂ ಒದಗುತ್ತದೆ. ನಮ್ಮ ಸರಕಾರಿ ಪ್ರಕಟಣೆಗಳ ಕನ್ನಡ ನಿಮಗೆ ಗೊತ್ತೇ ಇದೆ. 'ಗರ್ಭಿಣಿ ಸ್ತ್ರೀಯರು ಪೌಷ್ಟಿಕಾಂಶಯುಕ್ತ ಆಹಾರವನ್ನು ಸೇವಿಸತಕ್ಕದ್ದು' ಎಂದು ಗೋಡೆಯ ಮೇಲೆ ಬರೆದಿರುತ್ತಾರೆ. ಯಾವ ತಾಯಿ ಮಗಳಿಗೆ ಹೀಗೆ ಹೇಳಿಯಾಳು? ರಾಗಿಮುದ್ದೆ, ನುಗ್ಗೆಸೊಪ್ಪು, ಹೆಸರುಕಾಳು, ಶೇಂಗಾ, ಒಂದು ಲೋಟ ಹಾಲು ಎಂದರೆ ಅದು ಅಡುಗೆಮನೆಗೆ ಹೋಗುವ ಮಾತು. ಮಂಡ್ಯದಲ್ಲಿ ಬಸುರಿ ಎನ್ನುವುದನ್ನು ಕಲಬುರ್ಗಿಯಲ್ಲಿ ಬೇರೆ ರೀತಿ ಹೇಳುತ್ತಾರೆ. ಒಂದು ಕಡೆ ಸೀಮಂತವಾದದ್ದು ಇನ್ನೊಂದು ಕಡೆ ಕುಬುಸ. ಘಾನಾದವರು ಈ ಸೂಕ್ಷ್ಮವನ್ನು ಬಲ್ಲವರಾಗಿದ್ದರು. ಇಂಗ್ಲಿಷಿನ ಜೊತೆಗೆ ಆ ಜಿಲ್ಲೆಯ ಜನರ ಸ್ವಂತ ನುಡಿಗಳಾದ ಕಾಸೆಮ್ ಮತ್ತು ನಂಕಾಮ್‌ಗಳಲ್ಲಿ ದನಿಯನ್ನು ಮುದ್ರಿಸಿದರು. ದಕ್ಷಿಣ ಆಫ್ರಿಕದ ಸರಕಾರ 2014ರ ಆಗಸ್ಟಿನಲ್ಲಿ 'ಮಾಮ್‌ಕನೆಕ್ಟ್' ಎಂಬ ಸೇವೆಯನ್ನು ಆರಂಭಿಸಿದಾಗ ಆ ದೇಶದ ಅಂದಿನ 11 ಅಧಿಕೃತ ಭಾಷೆಗಳಿಗೂ ಜಾಗ ಮಾಡಿತು. ಬಸುರಿಯ ಭಯವನ್ನು ಬಿಡಿಸುವ ಮಾತು ಅವಳು ಭಯಪಡುವ ಭಾಷೆಯಲ್ಲಿಯೆ ಬರಬೇಕು.

ಭಾಷೆ ಸರಿಯಿದೆ, ಹೊತ್ತು ಸರಿಯಿದೆ ಎಂದಿಟ್ಟುಕೊಳ್ಳೋಣ. ಫೋನು ರಿಂಗಣಿಸಿತು. ಎತ್ತುವವರು ಯಾರು? ನಾನೀಗ ಬಾನುಲಿಯಲ್ಲಿ ಮಾತಾಡುತ್ತಿದ್ದೇನೆ. ಈ ಮಾತು ನಡುಮನೆಯಲ್ಲಿ ಕೂತ ಎಲ್ಲರಿಗೂ ಕೇಳುತ್ತದೆ. ಫೋನಿನ ಮಾತು ಒಂದು ಕಿವಿಗೆ ಮಾತ್ರ. ಆ ಕಿವಿ ಅವಳದೇ ಎಂಬ ಭರವಸೆ ಏನು? ಅದೇ ಐದನೆಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಮೊಬೈಲ್ ಇದೆ ಎಂದ ಹೆಂಗಸರು ದೇಶದಲ್ಲಿ ನೂರಕ್ಕೆ 54. ಹಳ್ಳಿಗಳಲ್ಲಿ ಅರ್ಧಕ್ಕೂ ಕಡಿಮೆ. ಮಿಕ್ಕವರ ಪಾಲಿಗೆ ಫೋನೆಂದರೆ ಗಂಡನ ಜೇಬಿನಲ್ಲಿರುವ ವಸ್ತು. ಅವನು ಬೆಳಗ್ಗೆ ಕೆಲಸಕ್ಕೆ ಹೋಗುವಾಗ ಬಸುರಿಗೆ ಬರಬೇಕಾದ ದನಿಯೂ ಅವನ ಜೇಬಿನಲ್ಲಿ ಹೋಗುತ್ತದೆ. ಮಧ್ಯಾಹ್ನ ಗಾರೆ ಕೆಲಸದ ನಡುವೆ ಕರೆ ಬಂದರೆ, 'ನಿಮ್ಮ ಕೂಸು ಈ ವಾರ' ಎಂದು ಹೆಣ್ಣುದನಿ ತೊಡಗುತ್ತಿದ್ದಂತೆ ಅವನು ನಾಚಿ ಕತ್ತರಿಸಬಹುದು. ಸಂಖ್ಯೆ ಬದಲಾಗುವುದುಂಟು, ಸಂಪರ್ಕ ಸಿಗದಿರುವುದುಂಟು, ಚೊಚ್ಚಲ ಬಸುರಿಗೆ ತವರಿಗೆ ಹೋದವಳ ಫೋನು ಗಂಡನ ಮನೆಯಲ್ಲಿ ಉಳಿಯುವುದುಂಟು.

ಇದನ್ನು ನೆರೆಯ ಬಾಂಗ್ಲಾದೇಶದವರು ಚೆನ್ನಾಗಿ ಅರಿತರು. 2012ರಲ್ಲಿ ದೇಶವ್ಯಾಪಿಯಾಗಿ ತೊಡಗಿದ ಅವರ ಸೇವೆಯ ಹೆಸರು 'ಆಪನ್‌ಜನ್', ಆಪ್ತರು ಎಂದರ್ಥ. ಬಸುರಿಗೆ ಒಂದು ಸಂದೇಶವಾದರೆ, ಗಂಡನಿಗೋ ಅತ್ತೆಗೋ ಬೇರೆ ಸಂದೇಶ. ಅವಳ ಪಾಲಿನ ಹೊರೆಯನ್ನು ಯಾರು ಇಳಿಸಬೇಕು, ಆಸ್ಪತ್ರೆಗೆ ಯಾರು ಕರೆದೊಯ್ಯಬೇಕು, ಹಣ ಯಾರ ಕೈಯಲ್ಲಿದೆ? ತೀರ್ಮಾನ ಮಾಡುವವರನ್ನು ಬಿಟ್ಟು, ತೀರ್ಮಾನಕ್ಕೆ ಕಾಯುವವಳಿಗೆ ಮಾತ್ರ ಪಾಠ ಹೇಳುವುದು ಅರ್ಧ ಕೆಲಸ. ಕೆಲವು ಸಲ ಅದು ಅರ್ಧಕ್ಕಿಂತಲೂ ಕೆಟ್ಟದ್ದು. ಅಪಾಯದ ಗುರುತು ತಿಳಿದಿದ್ದೂ ಮನೆಯ ಹೊಸ್ತಿಲು ದಾಟಲಾರದವಳಿಗೆ ತಿಳಿವಳಿಕೆ ಒಂದು ಹೊಸ ಸಂಕಟವೇ ಆದೀತು.

ಇಷ್ಟೆಲ್ಲ ಆದ ಮೇಲೆ ಫಲವೇನು? ಪರೀಕ್ಷಿಸಿ ನೋಡಿದವರು ಇದ್ದಾರೆ. ಆಫ್ರಿಕದ ಪೂರ್ವ ಕರಾವಳಿಯ ಜಾಂಜಿಬಾರ್ ದ್ವೀಪದಲ್ಲಿ 2009-10ರಲ್ಲಿ 24 ಆರೋಗ್ಯ ಕೇಂದ್ರಗಳ 2,550 ಬಸುರಿಯರನ್ನು ಎರಡು ಪಂಗಡ ಮಾಡಿದರು. ಒಂದು ಪಂಗಡಕ್ಕೆ ಫೋನಿನಲ್ಲಿ ಸಂದೇಶಗಳು ಬರುತ್ತಿದ್ದವು. ಜೊತೆಗೆ, ಬೇಕಾದಾಗ ತಾವೇ ಸೂಲಗಿತ್ತಿ ದಾದಿಗೆ ಕರೆ ಮಾಡಲೆಂದು ಚೀಟಿಯನ್ನೂ ಕೊಟ್ಟಿದ್ದರು. ಆ ಪಂಗಡದಲ್ಲಿ ನೂರಕ್ಕೆ 60 ಮಂದಿ ತರಬೇತಾದವರ ಕೈಯಲ್ಲಿ ಹೆತ್ತರು, ಇನ್ನೊಂದರಲ್ಲಿ 47. ಲಾಭ ಸ್ಪಷ್ಟವಾಗಿದೆ. ಆದರೆ ಅದೇ ಲೆಕ್ಕವನ್ನು ಬಿಡಿಸಿ ನೋಡಿದಾಗ ಆ ಲಾಭ ಪಟ್ಟಣದ ಹೆಂಗಸರದಾಗಿತ್ತು. ಹಳ್ಳಿಯವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮ ಕಿಲ್ಕಾರಿಯನ್ನು ಮಧ್ಯಪ್ರದೇಶದ ನಾಲ್ಕು ಜಿಲ್ಲೆಗಳಲ್ಲಿ 2018ರಿಂದ 2020ರವರೆಗೆ ಐದು ಸಾವಿರಕ್ಕೂ ಮಿಕ್ಕ ಬಸುರಿಯರ ನಡುವೆ ಇದೇ ಕ್ರಮದಲ್ಲಿ ಪರೀಕ್ಷಿಸಿದರು. ಹೆರಿಗೆಗಳ ನಡುವೆ ಅಂತರವಿಡಲು ತಾತ್ಕಾಲಿಕ ಗರ್ಭನಿರೋಧಕಗಳನ್ನು ಬಳಸುವವರ ಪ್ರಮಾಣ ಸ್ವಲ್ಪ ಹೆಚ್ಚಾಯಿತು. ಬೇರೆ ಹಲವು ವಿಷಯಗಳಲ್ಲಿ ಕರೆ ಬಂದವರಿಗೂ ಬಾರದವರಿಗೂ ಹೇಳಿಕೊಳ್ಳುವ ಭೇದ ತೋರಲಿಲ್ಲ.

ಈ ಫಲಿತಾಂಶ ಕೇಳಿ ಕೆಲವರಿಗೆ ನಿರಾಶೆಯಾದೀತು. ನನಗೆ ಅದು ಒಂದು ಪಾಠವಾಗಿ ಕಾಣುತ್ತದೆ. ವಾರಕ್ಕೆ ಎರಡು ನಿಮಿಷದ ಮಾತಿನಿಂದ ಒಂದು ಮನೆಯ ರೂಢಿಗಳೆಲ್ಲ ಮಗುಚಿಕೊಳ್ಳಬೇಕೆಂದು ಬಯಸುವುದು ನ್ಯಾಯವಲ್ಲ. ಕೋಟಿಗಟ್ಟಲೆ ಜನಕ್ಕೆ ಮುಟ್ಟುವ ಸೇವೆಯಲ್ಲಿ ಸಣ್ಣ ಹೆಚ್ಚಳವೂ ಲೆಕ್ಕಕ್ಕೆ ಬರುತ್ತದೆ. ಆದರೆ ಒಮ್ಮುಖವಾಗಿ ಹೇಳಿ ಹೋಗುವ ದನಿ ಎಷ್ಟು ದೂರ ಹೋಗಬಲ್ಲದೆಂಬುದನ್ನೂ ಆ ಪರೀಕ್ಷೆ ತೋರಿಸಿಕೊಟ್ಟಿತು. ಸೂಲಗಿತ್ತಿಯ ದನಿಗೂ ಈ ದನಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಸೂಲಗಿತ್ತಿಗೆ ತಿರುಗಿ ಕೇಳಬಹುದಾಗಿತ್ತು. 'ಅವ್ವಾ, ನಿನ್ನೆಯಿಂದ ಕೂಸು ಮಿಸುಕಿಲ್ಲ' ಎಂದರೆ ಅವಳು ಎದ್ದು ಬಂದು ಹೊಟ್ಟೆಯ ಮೇಲೆ ಕೈಯಿಡುತ್ತಿದ್ದಳು.

ತಿರುಗಿ ಕೇಳುವ ದಾರಿಯನ್ನು ತೆರೆದವರೂ ಇದ್ದಾರೆ. ದಕ್ಷಿಣ ಆಫ್ರಿಕದ ಸೇವೆಯಲ್ಲಿ ಬಸುರಿ ತನ್ನ ಸಂದೇಹವನ್ನು ಬರೆದು ಕೇಳಬಹುದು. ಉತ್ತರ ಕೊಡುವವರ ಒಂದು ತಂಡವಿದೆ. ಅಷ್ಟೇ ಅಲ್ಲ, ಆಸ್ಪತ್ರೆಯಲ್ಲಿ ತನ್ನನ್ನು ಹೇಗೆ ನಡೆಸಿಕೊಂಡರೆಂಬ ಮೆಚ್ಚಿಕೆಯನ್ನೂ ದೂರನ್ನೂ ಅದೇ ದಾರಿಯಲ್ಲಿ ತಿಳಿಸಬಹುದು. ಮಗು ದಕ್ಕದೆ ಹೋದವಳಿಗೆ ಬೇರೆಯೇ ಸಂದೇಶಗಳನ್ನು ಸಿದ್ಧಮಾಡಿಟ್ಟರು. ಈ ಕೊನೆಯ ಸಂಗತಿ ನನ್ನ ಮನಸ್ಸನ್ನು ಬಹಳವಾಗಿ ತಟ್ಟಿತು. ಬಸುರು ಇಳಿದುಹೋದವಳಿಗೆ, ಕೂಸನ್ನು ಕಳೆದುಕೊಂಡವಳಿಗೆ, ಏನೂ ಅರಿಯದ ಯಂತ್ರ ವಾರ ತಪ್ಪದೆ ಕರೆ ಮಾಡಿ 'ನಿಮ್ಮ ಮಗುವಿಗೆ ಈಗ ಆರು ತಿಂಗಳು' ಎಂದು ಹೇಳಿದರೆ ಅವಳ ಗತಿಯೇನು? ಕೇರಿಯ ಯಾವ ಹೆಂಗಸೂ ಮಾಡಲಾರದ ಕ್ರೌರ್ಯ ಅದು. ಅವಳಿಗೆ ಬೇಕಾದ ಸಾಂತ್ವನದ ಮಾತು ಬೇರೆ. ಅದನ್ನೂ ಯಾರೋ ಕುಳಿತು ಯೋಚಿಸಿರಬೇಕು.

ಬಿಹಾರದಲ್ಲಿ 2012ರಲ್ಲಿ ಮಾಡಿದ ಇನ್ನೊಂದು ಉಪಾಯವನ್ನು ಹೇಳಿ ಈ ವಿಷಯವನ್ನು ಮುಗಿಸುತ್ತೇನೆ. ಅದರ ಹೆಸರು 'ಮೊಬೈಲ್ ಕುಂಜಿ', ಎಂದರೆ ಬೀಗದ ಕೈ. ಒಂದು ಬಳೆಗೆ ಪೋಣಿಸಿದ 40 ಚಿತ್ರದ ಕಾರ್ಡುಗಳು. ಪ್ರತಿ ಕಾರ್ಡಿನ ಮೇಲೂ ಒಂದು ಸಂಖ್ಯೆ. ಆಶಾ ಕಾರ್ಯಕರ್ತೆ ಮನೆಗೆ ಬಂದು, ಜಗಲಿಯ ಮೇಲೆ ಕೂತು, ಚಿತ್ರ ತೋರಿಸಿ, ತನ್ನ ಸಾದಾ ಫೋನಿನಲ್ಲಿ ಆ ಸಂಖ್ಯೆಯನ್ನು ಒತ್ತಿದರೆ ಡಾಕ್ಟರ್ ಅನಿತಾ ಮಾತಾಡುತ್ತಾಳೆ. ಸೊಸೆ ಕೇಳುತ್ತಾಳೆ, ಪಕ್ಕದಲ್ಲಿದ್ದ ಅತ್ತೆಯೂ ಕೇಳುತ್ತಾಳೆ. ಕೇಳಿದ ಮೇಲೆ ಪ್ರಶ್ನೆ ಹುಟ್ಟಿದರೆ ಉತ್ತರ ಹೇಳಲು ಎದುರಿಗೆ ಗುರುತಿನ ಮುಖವೊಂದಿದೆ. ದೂರದ ದನಿಗೆ ಹತ್ತಿರದ ಮುಖ ಸಾಕ್ಷಿ ನಿಂತಿತು. ಹತ್ತಿರದವಳ ಮಾತಿಗೆ ದೂರದ ದನಿ ತೂಕ ಕೊಟ್ಟಿತು. ಇಡೀ ವಿಷಯದ ತಿರುಳು ನನಗೆ ಕಂಡಿರುವುದು ಇಲ್ಲಿ. ಫೋನು ಒಳ್ಳೆಯ ದೂತ. ಆದರೆ ದೂತನ ಹಿಂದೆ ಒಬ್ಬ ಮನುಷ್ಯಳು ಇರಬೇಕು. ಅವಳ ಹಿಂದೆ ಬಾಗಿಲು ತೆರೆದ ಆಸ್ಪತ್ರೆಯೊಂದು ಇರಬೇಕು. 'ಕೂಡಲೆ ಆಸ್ಪತ್ರೆಗೆ ಹೋಗಿ' ಎಂದು ಹೇಳಿದ ದನಿ, ಹೋದವಳಿಗೆ ಅಲ್ಲಿ ದಾದಿಯೂ ರಕ್ತವೂ ಸಿಗದಿದ್ದರೆ, ಎರಡನೆಯ ಸಲ ನಂಬಿಕೆಗೆ ಅರ್ಹವಾಗುವುದಿಲ್ಲ.

ನಮ್ಮ ರಾಜ್ಯದಲ್ಲಿ ಇದಕ್ಕೆ ಬೇಕಾದ ಕಂಬಗಳು ಆಗಲೇ ನೆಟ್ಟಿವೆ. ಆಶಾ ಕಾರ್ಯಕರ್ತೆಯರು ಊರೂರಲ್ಲಿದ್ದಾರೆ. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆ ಬಸುರಿಗೂ ಬಾಣಂತಿಗೂ ಅಂಗನವಾಡಿಯಲ್ಲಿ ಬಿಸಿಯೂಟವನ್ನು ಗೊತ್ತುಮಾಡಿತು. ಕಂಬಗಳ ಮೇಲೆ ಒಳ್ಳೆಯ ಕನ್ನಡದ ಚಪ್ಪರವೊಂದು ಬೇಕು. ಆ ಕನ್ನಡವನ್ನು ಕಚೇರಿಗಳು ತಾವಾಗಿ ಹುಟ್ಟಿಸಲಾರವು. ಕತೆ ಬರೆಯುವವರು, ನಾಟಕ ಆಡುವವರು, ಹಂತಿಯ ಹಾಡು ಸೋಬಾನೆ ಹಾಡುಗಳನ್ನು ಬಲ್ಲವರು, ಬಾನುಲಿಯಲ್ಲಿ ದನಿಯನ್ನು ದುಡಿಸಿಕೊಂಡವರು, ಇವರೆಲ್ಲ ವೈದ್ಯರ ಜೊತೆಗೆ ಕೂತು ಒಂದೊಂದು ವಾರದ ಎರಡೆರಡು ನಿಮಿಷಗಳನ್ನು ಬರೆದುಕೊಟ್ಟರೆ ಅದು ಸಣ್ಣ ಸಾಹಿತ್ಯಸೇವೆಯೆಂದು ನಾನು ತಿಳಿಯುವುದಿಲ್ಲ. ಓದುಗರ ಸಂಖ್ಯೆಯ ಬಗ್ಗೆ ಸದಾ ಕೊರಗುವ ನಾವು, ಇಷ್ಟು ಕಾತರದಿಂದ ಕೇಳುವವಳು ಬೇರೆಲ್ಲಿ ಸಿಕ್ಕಾಳೆಂದು ಯೋಚಿಸಬಹುದು.

ಪಟ್ಟಣದ ಮನೆಗಳಲ್ಲಿ ಕೂತು ಇದನ್ನು ಕೇಳುತ್ತಿರುವ ನಿಮ್ಮಲ್ಲಿ ನನ್ನ ಬಿನ್ನಹ ಚಿಕ್ಕದು. ನಿಮ್ಮ ಮನೆಯ ಪಾತ್ರೆ ತೊಳೆಯಲು ಬರುವವಳು, ಎದುರಿನ ಕಟ್ಟಡದಲ್ಲಿ ಇಟ್ಟಿಗೆ ಹೊರುವವಳು ಬಸುರಿಯಾಗಿರಬಹುದು. ತಾಯಿ ಕಾರ್ಡು ಮಾಡಿಸಿದ್ದಾಳೆಯೆ, ಮಾತ್ರೆ ನುಂಗುತ್ತಿದ್ದಾಳೆಯೆ ಎಂದು ಮನೆಯ ಹೆಂಗಸರು ಒಂದು ಮಾತು ಕೇಳಲಿ. ಕೊಟ್ಟಿರುವ ಫೋನ್ ಸಂಖ್ಯೆ ಯಾರದೆಂದು ಕೇಳಲಿ. ಗಂಡಸರಾದ ನಾವು ನಮ್ಮ ಜೇಬಿನಲ್ಲಿ ರಿಂಗಣಿಸುವ ಕರೆ ಹೆಂಡತಿಗೋ ಸೊಸೆಗೋ ಸೇರಿದ್ದಾದರೆ, ನಾಚದೆ ಪೂರ್ತಿ ಕೇಳಿ, ಮನೆಗೆ ಹೋಗಿ ಹೇಳೋಣ. ಮುಖ ಬಾತು ತಲೆ ಸಿಡಿಯುತ್ತದೆ ಎಂದು ಬಸುರಿ ಹೇಳಿದಾಗ 'ಇದ್ದದ್ದೆ' ಎಂಬ ಮಾತನ್ನು ಯಾರೂ ಆಡದಿರಲಿ. ವಾಹನ ಕರೆಸಲಿ.